ಗುಣವಾಗಿ ಶಾಲೆಗೆ ಮರಳಿದ ಮಗು

ಕೇಳುಗರಿಗೆ ನಮಸ್ಕಾರ.

ಉತ್ತರ ಕನ್ನಡದ ಕರಾವಳಿಯ ಒಂದು ಊರಿನಲ್ಲಿ ನಾನು ಮಕ್ಕಳ ವೈದ್ಯೆ. ಕ್ಯಾನ್ಸರಿಗೆ ಚಿಕಿತ್ಸೆ ಕೊಡುವವಳು ನಾನಲ್ಲ. ಅದಕ್ಕಾಗಿ ನಮ್ಮ ಜಿಲ್ಲೆಯ ಮಕ್ಕಳು ಮಣಿಪಾಲಕ್ಕೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ, ಇಲ್ಲವೇ ಕೊಂಕಣ ರೈಲು ಹಿಡಿದು ಮುಂಬೈಯ ಟಾಟಾ ಆಸ್ಪತ್ರೆಗೋ ಹೋಗುತ್ತಾರೆ. ಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲೆ ಜ್ವರ ಬಂದರೂ ಕೆಮ್ಮು ಬಂದರೂ ಅವರು ಮೊದಲು ಬರುವುದು ನಮ್ಮಂಥವರ ಹತ್ತಿರ. ಹಾಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತ ನಾನು ತಡವಾಗಿ ಕಲಿತ ಒಂದು ಸಂಗತಿಯನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅಂಕೋಲೆಯ ಕಡೆಯ ಒಬ್ಬ ಹುಡುಗನಿಗೆ ನಾಲ್ಕನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಆಗಿತ್ತು. ಎರಡೂವರೆ ವರ್ಷ ಕೀಮೋ ಎಂಬ ಔಷಧ ಚಿಕಿತ್ಸೆ, ಬೆನ್ನಿಗೆ ಸೂಜಿ, ಜೊತೆಗೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ತಲೆಗೆ. ತಂದೆ ಬೋಟಿನ ಕೆಲಸ ಬಿಟ್ಟು ಆಸ್ಪತ್ರೆಯ ಊರಿನಲ್ಲೇ ಕೂತರು. ಹುಡುಗ ಪೂರ್ತಿ ಗುಣವಾಗಿ ಬಂದ. ಅವನು ಮೂರನೆಯ ಇಯತ್ತೆಯಲ್ಲಿದ್ದಾಗ ತಾಯಿ ಒಮ್ಮೆ ನನ್ನನ್ನು ಕೇಳಿದ್ದರು: “ಡಾಕ್ಟ್ರೇ, ಅಂಗಡಿಯಿಂದ ಬೆಲ್ಲ, ಎಣ್ಣೆ, ಬೆಂಕಿಪೊಟ್ಟಣ ತಾ ಅಂದ್ರೆ ಬರೀ ಬೆಲ್ಲ ತರ್ತಾನೆ, ಇದು ಆ ಔಷಧದಿಂದ ಆದದ್ದಾ?” ರಕ್ತದ ವರದಿ ಚೆನ್ನಾಗಿದೆ, ಕಾಯಿಲೆಯ ದಿನಗಳಲ್ಲಿ ಮುದ್ದು ಹೆಚ್ಚಾಗಿ ಸೋಮಾರಿತನ ಬಂದಿರಬೇಕು ಎಂದು ಹೇಳಿ ನಾನು ಅವರನ್ನು ಕಳುಹಿಸಿಬಿಟ್ಟೆ. ಆ ಮಾತಿಗಾಗಿ ಇಂದಿಗೂ ನನಗೆ ದುಃಖವಿದೆ.

ನನ್ನ ಕಣ್ಣು ತೆರೆಸಿದ್ದು ಅವನ ಶಾಲೆಯ ಅಕ್ಕೋರು. ಎರಡು ವರ್ಷ ಕಳೆದ ಮೇಲೆ ಅವರು ಹುಡುಗನ ಗಣಿತದ ನೋಟುಬುಕ್ಕನ್ನು ಹಿಡಿದುಕೊಂಡು ತಾವಾಗಿಯೇ ಬಂದರು. ಹತ್ತು ಲೆಕ್ಕಗಳಲ್ಲಿ ಆರು ಮಾಡಿದ್ದ, ಆರೂ ಸರಿ. ಉಳಿದ ನಾಲ್ಕು ಖಾಲಿ. ಪ್ರತಿ ಪುಟವೂ ಹೀಗೆಯೇ. ಮಧ್ಯಾಹ್ನದ ಬಿಡುವಿನಲ್ಲಿ ಕೂರಿಸಿದರೆ ಉಳಿದ ನಾಲ್ಕನ್ನೂ ಸರಿಯಾಗಿಯೇ ಮಾಡುತ್ತಾನೆ, ದಡ್ಡನಾದರೆ ಹೀಗೆ ಮಾಡಲು ಸಾಧ್ಯವೇ ಎಂದು ಅವರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿಯಿಂದ ಓದಲು ತೊಡಗಿದೆ.

ಈ ಕಾಯಿಲೆಯ ಚರಿತ್ರೆಯಲ್ಲೇ ಉತ್ತರವಿತ್ತು. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಔಷಧದಿಂದ ಮಕ್ಕಳ ರಕ್ತದ ಕ್ಯಾನ್ಸರನ್ನು ಕೆಲವು ತಿಂಗಳ ಮಟ್ಟಿಗಾದರೂ ಹಿಮ್ಮೆಟ್ಟಿಸಬಹುದೆಂದು ಮೊದಲ ಬಾರಿಗೆ ತೋರಿಸಿದರು. ಆದರೆ ಔಷಧ ತಲುಪದ ಮೆದುಳಿನ ಹೊದಿಕೆಯಲ್ಲಿ ಅವಿತ ಕ್ಯಾನ್ಸರ್ ಕಣಗಳಿಂದ ಕಾಯಿಲೆ ಮತ್ತೆ ಮರುಕಳಿಸುತ್ತಿತ್ತು. 1960ರ ದಶಕದಲ್ಲಿ ಮೆಂಫಿಸ್ ನಗರದ ಸೇಂಟ್ ಜ್ಯೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅವರ ತಂಡವು ಕೀಮೋದ ಜೊತೆಗೆ ತಲೆಗೆ ವಿಕಿರಣ ಕೊಟ್ಟಾಗ, ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಸಾಯುತ್ತಿದ್ದ ಆ ಕಾಯಿಲೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಬದುಕುಳಿದರು. ಅದರ ಬೆಲೆ ಏನೆಂಬುದು ಆ ಮಕ್ಕಳು ಬೆಳೆದು ದೊಡ್ಡ ತರಗತಿಗಳಿಗೆ ಬಂದ ಮೇಲಷ್ಟೇ ತಿಳಿಯಿತು. ಕಲಿಕೆಯಲ್ಲಿ ಅವರು ಹಿಂದೆ ಬೀಳುತ್ತಿದ್ದರು. ಮೊದಲು ವಿಕಿರಣದ ಪ್ರಮಾಣ ಕಡಿಮೆಯಾಯಿತು. ಈಗ ಈ ಕಾಯಿಲೆಯ ಬಹುಪಾಲು ಮಕ್ಕಳಿಗೆ ತಲೆಗೆ ವಿಕಿರಣವೇ ಬೇಕಾಗುವುದಿಲ್ಲ. ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಔಷಧ ಕೊಟ್ಟರೆ ಸಾಕಾಗುತ್ತದೆ. ಆದರೂ ಹಿಂದಿನ ಕ್ರಮದಲ್ಲಿ ಚಿಕಿತ್ಸೆ ಪಡೆದವರು ನಮ್ಮ ನಡುವೆ ಇದ್ದಾರೆ, ಮತ್ತು ಬರಿಯ ಔಷಧ ಪಡೆದ ಕೆಲವು ಮಕ್ಕಳಲ್ಲಿಯೂ ಗಮನ ಮತ್ತು ವೇಗದ ಸಣ್ಣ ತೊಂದರೆಗಳು ಕಾಣುತ್ತವೆ.

ಮೆದುಳಿನ ಗಡ್ಡೆಯ ಮಕ್ಕಳ ಕಷ್ಟ ಇದಕ್ಕಿಂತ ಹೆಚ್ಚು. ಮೆಡುಲ್ಲೊಬ್ಲಾಸ್ಟೋಮಾ ಎಂಬ ಗಡ್ಡೆ ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಹುಟ್ಟುತ್ತದೆ. ಅದು ಮೆದುಳಿನ ನೀರು ಹರಿಯುವ ದಾರಿಯನ್ನು ಕಟ್ಟಿಬಿಡುವುದರಿಂದ ಬೆಳಗಿನ ಹೊತ್ತು ತಲೆನೋವು, ವಾಂತಿ, ಕಿರುಮೆದುಳಿಗೇ ಪೆಟ್ಟಾಗುವುದರಿಂದ ನಡೆಯುವಾಗ ತೂರಾಡುವುದು ಮೊದಲ ಲಕ್ಷಣಗಳಾಗಿ ಕಾಣಿಸಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆದ ಮೇಲೂ ಕ್ಯಾನ್ಸರ್ ಕಣಗಳು ಆ ನೀರಿನ ಮೂಲಕ ಹರಡಬಹುದಾದ ಕಾರಣ, ಮೂರು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ಇಡೀ ಮೆದುಳಿಗೆ ಮತ್ತು ಬೆನ್ನುಹುರಿಗೆ ವಿಕಿರಣ ಕೊಡಬೇಕಾಗುತ್ತದೆ. ಅದಕ್ಕೂ ಚಿಕ್ಕ ಮಕ್ಕಳಲ್ಲಿ ವೈದ್ಯರು ಆದಷ್ಟೂ ಅದನ್ನು ತಪ್ಪಿಸಲು ಅಥವಾ ಮುಂದೂಡಲು ನೋಡುತ್ತಾರೆ, ಏಕೆಂದರೆ ಮೆದುಳು ಎಳೆಯದಾದಷ್ಟೂ ಹಾನಿ ಹೆಚ್ಚು. ಇಂಥ ಶಸ್ತ್ರಚಿಕಿತ್ಸೆಯಾದ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ಮಾತು ಒಂದೆರಡು ದಿನಗಳಲ್ಲಿ ಪೂರ್ತಿ ನಿಂತುಹೋಗುತ್ತದೆ. ವಾರಗಳ ಅಥವಾ ತಿಂಗಳುಗಳ ಮೇಲೆ ಮಾತು ಮರಳುತ್ತದೆಯಾದರೂ ಅದು ಎಳೆದಂತೆ, ಬಿಡಿಬಿಡಿಯಾಗಿ ಬರುವುದುಂಟು. ಸಿರ್ಸಿಯ ಕಡೆಯ ಒಂದು ಹುಡುಗಿಯ ಅಜ್ಜಿ ಇದನ್ನು ನನಗೆ ವಿವರಿಸಿದ್ದು ಹೀಗೆ: “ಕೂಸು ಮಾತು ಬಿಟ್ಟಿತ್ತು, ಆಮೇಲೆ ಮೊದಲಿಂದ ಕಲಿತು.”

ಇಲ್ಲಿ ತಂದೆತಾಯಿಯರು ಮತ್ತು ಶಿಕ್ಷಕರು ತಿಳಿಯಲೇಬೇಕಾದ ಒಂದು ವಿಷಯವಿದೆ. ಮಗು ಕಲಿತದ್ದನ್ನು ಮರೆಯುತ್ತಿದೆ ಎಂದು ನಾವು ಭಾವಿಸುತ್ತೇವೆ. ಇಂಥ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿದವರು ಕಂಡದ್ದು ಬೇರೆ. ಹೆಚ್ಚಿನ ಮಕ್ಕಳಲ್ಲಿ ಹಳೆಯ ಕಲಿಕೆ ಇದ್ದಂತೆಯೇ ಇರುತ್ತದೆ, ಹೊಸದನ್ನು ಕಲಿಯುವ ವೇಗ ತಗ್ಗುತ್ತದೆ. ಓರಗೆಯ ಮಕ್ಕಳು ಓಡುತ್ತಾರೆ, ಈ ಮಗು ನಡೆಯುತ್ತದೆ. ಆದ್ದರಿಂದ ಅಂತರವು ಚಿಕಿತ್ಸೆ ಮುಗಿದ ತಕ್ಷಣ ಕಾಣದೆ, ಎರಡು ಮೂರು ವರ್ಷಗಳ ಮೇಲೆ, ಕೂದಲು ಬೆಳೆದು ಕೆನ್ನೆ ತುಂಬಿ ಊರಿನವರೆಲ್ಲ ಕಾಯಿಲೆಯನ್ನೇ ಮರೆತ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದಕ್ಕೂ ಹಳೆಯ ಕಾಯಿಲೆಗೂ ಸಂಬಂಧವಿದೆ ಎಂದು ಯಾರಿಗೆ ಹೊಳೆದೀತು? ಮೆದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ನರತಂತುಗಳ ಮೇಲೆ ಕೊಬ್ಬಿನಂಶದ ಒಂದು ಹೊದಿಕೆಯಿರುತ್ತದೆ. ಸುದ್ದಿ ಬೇಗ ತಲುಪುವುದು ಅದರ ಬಲದಿಂದ. ಬಾಲ್ಯದುದ್ದಕ್ಕೂ ಬೆಳೆಯುತ್ತಲೇ ಇರುವ ಈ ಹೊದಿಕೆಯನ್ನು ಕಟ್ಟುವ ಕಣಗಳನ್ನು ವಿಕಿರಣವು ಘಾಸಿಗೊಳಿಸುತ್ತದೆ. ಅದಕ್ಕಾಗಿಯೇ ಮೊದಲು ಕುಂದುವುದು ವೇಗ, ಗಮನ, ಮತ್ತು ಹೇಳಿದ ಮೂರು ಮಾತುಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಬೆಲ್ಲ ಮಾತ್ರ ತಂದ ಹುಡುಗನಿಗೆ ಆದದ್ದು ಇದೇ.

ಎಲ್ಲಕ್ಕೂ ಮೆದುಳಿನ ಹಾನಿಯೇ ಕಾರಣ ಎನ್ನುವುದೂ ತಪ್ಪು. ತಲೆಗೆ ವಿಕಿರಣ ಪಡೆದ ಮಗುವಿನಲ್ಲಿ ಬೆಳವಣಿಗೆಯ ಹಾರ್ಮೋನು ಮತ್ತು ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವುದುಂಟು. ಥೈರಾಯ್ಡ್ ಕೊರತೆಯಿಂದಲೇ ಮಗು ಮಂಕಾಗುತ್ತದೆ, ಅದಕ್ಕೆ ದಿನಕ್ಕೊಂದು ಮಾತ್ರೆ ಸಾಕು. ಇನ್ನು ಮೆದುಳಿನ ಗಡ್ಡೆಗೆ ಕೊಡುವ ಸಿಸ್ಪ್ಲಾಟಿನ್ ಎಂಬ ಔಷಧವು ಕಿವಿಯ ಸೂಕ್ಷ್ಮ ಕಣಗಳನ್ನು ಕೆಡಿಸಬಲ್ಲದು. ಮಗು ಕಿವುಡಾಗಿದೆ ಎಂದು ಅನ್ನಿಸುವುದಿಲ್ಲ, ಕರೆದರೆ ತಿರುಗಿ ನೋಡುತ್ತದೆ. ಆದರೆ ಮೇಲಿನ ಶ್ರುತಿಯ ಸದ್ದುಗಳು, ಅಂದರೆ ಸಕಾರ, ಶಕಾರ, ತಕಾರ, ಕಕಾರಗಳಂಥ ಮೆಲುವಾದ ವ್ಯಂಜನಗಳು, ತಪ್ಪಿಹೋಗುತ್ತವೆ. ಅಕ್ಕೋರು ‘ಸಾಲು’ ಎಂದದ್ದು ಅದಕ್ಕೆ ‘ಕಾಲು’ ಎಂದೋ ಬರಿಯ ‘ಆಲು’ ಎಂದೋ ಕೇಳಿಸುತ್ತದೆ. ನಮ್ಮ ಕಡೆಯ ಆಷಾಢದ ಮಳೆ ಶಾಲೆಯ ತಗಡಿನ ಮಾಡಿನ ಮೇಲೆ ಸುರಿಯುವಾಗ, ಹಿಂದಿನ ಬೆಂಚಿನಲ್ಲಿ ಕೂತ ಅಂಥ ಮಗುವಿನ ಪಾಡನ್ನು ಊಹಿಸಿ ನೋಡಿ. ಉಕ್ತಲೇಖನದಲ್ಲಿ ಕಡಿಮೆ ಅಂಕ ಬಂದರೆ ಮೊದಲು ಕಿವಿಯ ಪರೀಕ್ಷೆಯಾಗಬೇಕು.

ಬದುಕಿನ ಗುಣಮಟ್ಟ ಎಂಬುದನ್ನೂ ಅಳೆಯಲು ಸಾಧ್ಯವಿದೆ. ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ‘ಪೆಡ್ಸ್‌ಕ್ಯೂಎಲ್’ ಎಂಬ ಪ್ರಶ್ನಾವಳಿಯಲ್ಲಿ ದೇಹ, ಮನಸ್ಸು, ಗೆಳೆತನ, ಶಾಲೆ ಈ ನಾಲ್ಕು ವಿಷಯಗಳ ಮೇಲೆ 23 ಪ್ರಶ್ನೆಗಳಿವೆ. ಮಗುವಿಗೂ ಪಾಲಕರಿಗೂ ಬೇರೆಬೇರೆಯಾಗಿ ಕೇಳುತ್ತಾರೆ, ಇಬ್ಬರ ಉತ್ತರಗಳು ಎಷ್ಟೋ ಸಲ ಹೊಂದುವುದಿಲ್ಲ. ರಕ್ತದ ಕ್ಯಾನ್ಸರಿನಿಂದ ಗುಣವಾದ ಮಕ್ಕಳಲ್ಲಿ ಹೆಚ್ಚಿನವರು ತಮ್ಮ ಬದುಕು ಓರಗೆಯವರಂತೆಯೇ ಇದೆ ಎನ್ನುತ್ತಾರೆ. ಇದು ಸಂತೋಷದ ಸಂಗತಿ, ಪಾಲಕರು ಧೈರ್ಯವಾಗಿ ನಂಬಬಹುದು. ಮೆದುಳಿನ ಗಡ್ಡೆಯಿಂದ ಪಾರಾದವರು ಹೆಚ್ಚು ಕಷ್ಟಪಡುವುದು ಶಾಲೆಯಲ್ಲಿ ಮತ್ತು ಗೆಳೆತನದಲ್ಲಿ. ಅಮೆರಿಕ ಮತ್ತು ಕೆನಡಾಗಳಲ್ಲಿ 1994ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನವು, ಇವರಲ್ಲಿ ಉದ್ಯೋಗ ಹಿಡಿದವರು, ಮದುವೆಯಾದವರು, ಸ್ವತಂತ್ರವಾಗಿ ಮನೆ ಮಾಡಿದವರು ಇತರರಿಗಿಂತ ಕಡಿಮೆ ಎಂದು ತೋರಿಸಿತು. ನಗೆಮಾತು ಅರ್ಥವಾಗುವ ಹೊತ್ತಿಗೆ ಗೆಳತಿಯರ ಮಾತು ಮುಂದೆ ಹೋಗಿರುತ್ತದೆ ಎಂದು ಸಿರ್ಸಿಯ ಆ ಹುಡುಗಿ ನನಗೆ ಹೇಳಿದ್ದಳು. ಯಾವ ಪ್ರಶ್ನಾವಳಿಯಲ್ಲೂ ನಾನು ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಓದಿಲ್ಲ.

ಅವಳ ಮನೆಯವರು ಶಾಲೆಗೆ ಕಾಯಿಲೆಯ ಹೆಸರನ್ನು ತಿಳಿಸಿರಲಿಲ್ಲ. ನಾಳೆ ಮದುವೆಯ ಮಾತು ಬಂದಾಗ ಈ ಸುದ್ದಿ ಅಡ್ಡ ಬರುತ್ತದೆ ಎಂಬ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ; ಅದು ಸುಳ್ಳು ಭಯವೂ ಅಲ್ಲ. ಆದರೆ ಗುಟ್ಟಿನ ಭಾರ ಹೊತ್ತದ್ದು ಮಗು. ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗದೆ ಪ್ರತಿ ಪರೀಕ್ಷೆಯಲ್ಲೂ ಅವಳು ಬೈಗುಳ ತಿಂದಳು. ಕೊನೆಗೆ ನಾವು ಒಂದು ದಾರಿ ಹುಡುಕಿದೆವು. ರೋಗದ ಹೆಸರಿಲ್ಲದೆ, “ಈ ಬಾಲಕಿಗೆ ವೈದ್ಯಕೀಯ ಕಾರಣದಿಂದ ಬರವಣಿಗೆ ನಿಧಾನ, ಮುಂದಿನ ಬೆಂಚು ಮತ್ತು ಹೆಚ್ಚಿನ ಸಮಯ ಬೇಕು” ಎಂದು ನಾನು ಮುಖ್ಯಾಧ್ಯಾಪಕರಿಗೆ ಪತ್ರ ಬರೆದುಕೊಟ್ಟೆ. ಹಲಗೆಯ ಮೇಲಿನದನ್ನು ನಕಲು ಮಾಡಿಸುವ ಬದಲು ಬರೆದ ಟಿಪ್ಪಣಿ ಕೊಡುವುದು, ಒಂದು ಸಲಕ್ಕೆ ಒಂದೇ ಸೂಚನೆ ಹೇಳುವುದು, ಹತ್ತು ಲೆಕ್ಕದ ಬದಲು ಐದು ಕೊಡುವುದು, ಇವಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸಾರ್ವಜನಿಕ ಪರೀಕ್ಷೆಯ ಮಾತು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಚಿಕಿತ್ಸೆಯಿಂದ ಮೆದುಳಿಗಾದ ಹಾನಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ಶ್ರವಣದೋಷ, ದೃಷ್ಟಿದೋಷ, ನಿರ್ದಿಷ್ಟ ಕಲಿಕಾ ನ್ಯೂನತೆ, ಹೀಗೆ ಇರುವ ಯಾವುದಾದರೊಂದು ಮನೆಯೊಳಗೆ ಈ ಮಕ್ಕಳು ಜಾಗ ಹುಡುಕಿಕೊಳ್ಳಬೇಕಾಗುತ್ತದೆ. ಪಟ್ಟಿಯಲ್ಲಿ ಇವರಿಗೂ ಒಂದು ಹೆಸರು ಸೇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗವೈಕಲ್ಯದ ಪ್ರಮಾಣಪತ್ರ ದೊರೆತರೆ, ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಸಿಗಬೇಕು; ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಮನಶ್ಶಾಸ್ತ್ರಜ್ಞರ ಪರೀಕ್ಷಾ ವರದಿ ಬೇಕು, ಅದನ್ನು ಮಾಡಿಸಲು ಮತ್ತೆ ದೂರದ ಊರಿಗೆ ಹೋಗಬೇಕು. ಪರೀಕ್ಷೆಯ ವರ್ಷದವರೆಗೆ ಕಾಯದೆ ಎಂಟನೆಯ ಇಯತ್ತೆಯಲ್ಲೇ ಇದನ್ನು ಆರಂಭಿಸಬೇಕೆಂದು ಪಾಲಕರಲ್ಲಿ ಕೇಳಿಕೊಳ್ಳುತ್ತೇನೆ. ಇನ್ನೊಂದು ವಿನಂತಿ: ಯಾವ ಔಷಧ, ಎಷ್ಟು ಪ್ರಮಾಣ, ಎಲ್ಲಿಗೆ ಎಷ್ಟು ವಿಕಿರಣ ಎಂಬ ಚಿಕಿತ್ಸಾ ಸಾರಾಂಶದ ಹಾಳೆಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಇಪ್ಪತ್ತು ವರ್ಷದ ಮೇಲೆ ಹೃದಯವನ್ನೋ ಥೈರಾಯ್ಡನ್ನೋ ಪರೀಕ್ಷಿಸುವ ವೈದ್ಯರಿಗೂ ಅದು ಬೇಕಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಓದಲಾಗದಂತಾದ ಫೈಲುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಫೋಟೋ ತೆಗೆದು ಇಬ್ಬರು ಮೂವರ ಮೊಬೈಲಿನಲ್ಲಿ ಇರಿಸಿ.

ಅಂಕೋಲೆಯ ಕಡೆಯ ಆ ಹುಡುಗ ಈಗ ಹತ್ತನೆಯ ಇಯತ್ತೆಯಲ್ಲಿದ್ದಾನೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾನೆ, ಪೇಟೆಗೆ ಹೋಗುವಾಗ ತಾಯಿ ಚೀಟಿ ಬರೆದು ಕೊಡುತ್ತಾರೆ. ಹೆಚ್ಚುವರಿ ಸಮಯಕ್ಕಾಗಿ ಅವನ ಅರ್ಜಿ ಕಳೆದ ತಿಂಗಳು ಹೋಗಿದೆ. ಪ್ರಾಥಮಿಕ ಶಾಲೆಯ ಅಕ್ಕೋರು ಕಾದಿರಿಸಿದ್ದ ಹಳೆಯ ನೋಟುಬುಕ್ಕಿನ ಒಂದು ಪುಟದ ನಕಲನ್ನು ಹೈಸ್ಕೂಲಿನ ಮಾಸ್ತರು ಅರ್ಜಿಗೆ ಲಗತ್ತಿಸಿದ್ದಾರೆ. ಅದರಲ್ಲಿ ಆರು ಲೆಕ್ಕ ಸರಿಯಿವೆ, ನಾಲ್ಕು ಖಾಲಿಯಿವೆ.

ನಮಸ್ಕಾರ.