ನೆಲ ಸಿಕ್ಕವರು, ಕಾಗದ ಸಿಕ್ಕವರು

(ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬ ಸಂತೋಷ.

ನಾನು ಶಾಲಾ ಮೇಷ್ಟ್ರು. ಸುಳ್ಯದ ಕಡೆ ಒಂದು ಶಾಲೆಯಲ್ಲಿ 9 ವರ್ಷ, ಆಮೇಲೆ ಕುಶಾಲನಗರದ ಹತ್ತಿರ 14 ವರ್ಷ ಪಾಠ ಮಾಡಿದೆ. ಸುಳ್ಯದಲ್ಲಿದ್ದಾಗ ಜೂನ್ ತಿಂಗಳಲ್ಲಿ ದಾಖಲಾತಿ ರಿಜಿಸ್ಟರ್ ಬರೆಯುವ ಕೆಲಸ ನನ್ನದು. ಒಂದು ದಿನ ರಬ್ಬರ್ ತೋಟದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹೆಸರು ಬರೆದೆ, ಹುಟ್ಟಿದ ತಾರೀಕು ಬರೆದೆ. "ಯಾವ ಊರಮ್ಮಾ ನಿಮ್ಮದು?" ಅಂತ ಕೇಳಿದೆ. ಅವರು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಎಲ್ಲರೂ ಸಿಲೋನ್‌ನವರು ಅಂತಾರೆ ಸಾರ್. ನಾನು ನಾಲ್ಕು ವರ್ಷದವಳಿದ್ದಾಗ ಅಲ್ಲಿಂದ ಬಂದದ್ದು. ನೀವೇ ನೋಡಿ ಏನಾದರೂ ಬರೀರಿ" ಅಂದರು. ಸಿಲೋನ್ ಅಂದರೆ ಇವತ್ತಿನ ಶ್ರೀಲಂಕಾ. ಊರಿನ ಆ ಖಾನೆ ನನ್ನ ಮನಸ್ಸಿನಲ್ಲಿ ಇವತ್ತಿಗೂ ಖಾಲಿಯಾಗಿಯೇ ಉಳಿದಿದೆ.

ಕುಶಾಲನಗರಕ್ಕೆ ವರ್ಗವಾದ ಮೇಲೆ ಟಿಬೆಟನ್ ಮಕ್ಕಳೂ ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಅವರಿಗೆ ಅವರದೇ ಶಾಲೆ ಇತ್ತು. ಅವರ ಹೊಲಕ್ಕೆ ಕೂಲಿಗೆ ಹೋಗುವ ನಮ್ಮ ಹೆಂಗಸರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಈ ಎರಡು ಸಂಗತಿ ನನ್ನೊಳಗೆ ಎಷ್ಟೋ ವರ್ಷ ಪಕ್ಕಪಕ್ಕ ಕೂತಿದ್ದವು. ಇವತ್ತು ಅವುಗಳ ಬಗ್ಗೆಯೇ ಮಾತಾಡುತ್ತೇನೆ.

ಎರಡು ಸಮುದಾಯವೂ ನಮ್ಮ ಹೆದ್ದಾರಿಯ ಆಸುಪಾಸಿನವೇ. 275ನೇ ರಾಷ್ಟ್ರೀಯ ಹೆದ್ದಾರಿ ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆಗೆ ಬರುತ್ತದೆ, ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಿ ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಮತ್ತೆ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು. ನಾವು ನಡುವೆ ಇದ್ದೇವೆ. ಈ ಕಡೆ ಇಳಿದರೆ ಟಿಬೆಟನ್ ಕ್ಯಾಂಪು, ಆ ಕಡೆ ಇಳಿದರೆ ಸಿಲೋನ್ ತಮಿಳರ ಕಾಲನಿ. ನೆಂಟರು ಬಂದರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಕರೆದುಕೊಂಡು ಹೋಗುತ್ತೇವೆ. ಸುಳ್ಯದ ರಬ್ಬರ್ ತೋಟದೊಳಗಿನ ಮನೆಗಳನ್ನು ನೋಡಿದವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈ ಎತ್ತಿ ಅನ್ನುವುದಿಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ.

ಟಿಬೆಟನ್ನರ ಕಥೆ ನಿಮಗೆ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. 1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಮೊದಮೊದಲು ಎಷ್ಟೋ ಮಂದಿ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕೆ ಕಲ್ಲು ಒಡೆದರು. ನೆಹರೂ ಅವರು ರಾಜ್ಯಗಳಿಗೆ ಜಾಗ ಕೊಡಿ ಎಂದು ಕೇಳಿದಾಗ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಗುತ್ತಿಗೆಗೆ ಕೊಟ್ಟಿತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ನಾಲ್ಕು ವರ್ಷ. 1960ರ ಕೊನೆಯಲ್ಲಿ ಮೊದಲ ತಂಡ ಬಂತು. ಅದು ಕಾಡು. ಚಳಿ ದೇಶದ ಜನ ಬಿಸಿಲಿನಲ್ಲಿ ಮರ ಕಡಿದು, ಬೊಡ್ಡೆ ಕಿತ್ತು, ರಾತ್ರಿ ಆನೆ ಓಡಿಸಿ ಜೋಳ ಬೆಳೆದರು. ಕಾಯಿಲೆಯಿಂದ ಸತ್ತವರೂ ಬಹಳ. 1969ರಲ್ಲಿ ಪಕ್ಕದಲ್ಲೇ ಇನ್ನೊಂದು ವಸತಿ ಎದ್ದಿತು. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ಅವರು ನೆಲೆ ನಿಂತರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರಿಗೆ ಸಿಕ್ಕಿದ್ದು ನೆಲ ಮಾತ್ರ ಆಗಿರಲಿಲ್ಲ. ನೆಲದ ಜೊತೆಗೆ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಟ್ರ್ಯಾಕ್ಟರು ಬಂದವು, ಹಿಮಾಚಲ ಪ್ರದೇಶದ ಧರ್ಮಶಾಲಾ ಊರಿನಿಂದ ನಡೆಯುವ ಅವರದೇ ಆಡಳಿತ ಬಂತು. ಹೊರದೇಶದ ನೆರವು ಬಂತು. ನಮ್ಮಲ್ಲಿ ಸ್ವಸಹಾಯ ಸಂಘಗಳ ಕೆಲಸಕ್ಕೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ. ಜನ ಒಂದೊಂದು ಕುಟುಂಬವಾಗಿ ಚದುರಿ ಹೋಗಲಿಲ್ಲ, ಇಡೀ ಊರೇ ಎದ್ದು ಬಂದು ಇಡೀ ಊರಾಗಿ ಕೂತಿತು. ಮಠ ಕೂಡ ಬಂತು, ಟಿಬೆಟಿನ ದೊಡ್ಡ ಸೆರಾ ಮಠವೇ ಇಲ್ಲಿ ಮತ್ತೆ ಕಟ್ಟಲ್ಪಟ್ಟಿತು.

ಈಗ ಘಾಟಿಯ ಆ ಕಡೆಯ ಕಥೆ. ಇದನ್ನು ನಿಧಾನವಾಗಿ ಹೇಳಬೇಕು. ತೋಟದವರಿಗೆ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಇದು ಕಾಫಿಯಿಂದ ಶುರುವಾಗುವ ಕಥೆ. ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಹಾಕಿದ್ದು ಕಾಫಿ. ಕೂಲಿಗೆ ಜನ ಬೇಕಿತ್ತು. ತಿರುನೆಲ್ವೇಲಿ, ರಾಮನಾಥಪುರಂ, ತಿರುಚಿ ಕಡೆಯ ಹಳ್ಳಿಗಳಿಂದ ಬರ, ಸಾಲ, ಜಾತಿಯ ಕಾಟದಲ್ಲಿ ಬೆಂದವರನ್ನು ಕಂಗಾಣಿಗಳು ಕರೆದುಕೊಂಡು ಹೋದರು. ಕಂಗಾಣಿ ಅಂದರೆ ನಮ್ಮ ಮೇಸ್ತ್ರಿ ಇದ್ದ ಹಾಗೆ, ಆದರೆ ಮುಂಗಡ ಕೊಟ್ಟು ಜನರನ್ನು ಸಾಲದಲ್ಲಿ ಕಟ್ಟಿಹಾಕುವ ಮೇಸ್ತ್ರಿ. 1869ರಲ್ಲಿ ಅಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಕಾಣಿಸಿತು. ಮಳೆಗೆ ಮುಂಚೆ ನಾವು ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದೇ ರೋಗಕ್ಕೆ. ಕಾಫಿ ಹೋಗಿ ಟೀ ಬಂತು. ಜನ ಅಲ್ಲೇ ಉಳಿದರು. ನೂರು ವರ್ಷ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಯಲ್ಲಿ, ಹುಟ್ಟಿದರು, ಲೈನ್ ಮನೆಯಲ್ಲಿ ಸತ್ತರು.

ಸಿಲೋನಿಗೆ ಸ್ವಾತಂತ್ರ್ಯ ಬಂದ ವರ್ಷವೇ, 1948ರಲ್ಲಿ, ಪೌರತ್ವ ಕಾಯ್ದೆ ಬಂತು. ಅಪ್ಪ ಅಥವಾ ತಾತ ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ತೋರಿಸಿ ಅಂದರು. ಲೈನಿನಲ್ಲಿ ಹುಟ್ಟಿದವರಿಗೆ ಎಲ್ಲಿಯ ದಾಖಲೆ? ಒಂದೇ ಕಾಯ್ದೆಯಲ್ಲಿ ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ವೋಟೂ ಹೋಯಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. 9,75,000 ಜನರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅರ್ಧ ಅರ್ಧ ಹಂಚಿಕೊಂಡರು. ಕುಟುಂಬದ ಮೂಲಮನೆಯಾದ ಐನ್‌ಮನೆಯ ಆಸ್ತಿ ಭಾಗ ಮಾಡುವಾಗಲೂ ಪಾಲುದಾರರನ್ನು ಕೂರಿಸಿ ಕೇಳುತ್ತೇವೆ. ಆ ಜನರನ್ನು ಕೂರಿಸಿ ಯಾರೂ ಕೇಳಲಿಲ್ಲ.

ತಲೈಮನ್ನಾರಿನಿಂದ ಹಡಗು ಹತ್ತಿಸಿ ರಾಮೇಶ್ವರದಲ್ಲಿ ಇಳಿಸಿದರು. ಸರ್ಕಾರಿ ಕಾಗದದಲ್ಲಿ ಅವರನ್ನು ತಾಯ್ನಾಡಿಗೆ ಮರಳಿದವರು ಎಂದು ಬರೆಯಲಾಯಿತು. ಮರಳುವುದು ಅಂದರೆ ಮೊದಲು ಹೋಗಿರಬೇಕಲ್ಲ? ಅವರಲ್ಲಿ ಹೆಚ್ಚಿನವರು ಭಾರತವನ್ನು ಕಣ್ಣಿನಿಂದ ನೋಡಿದವರೇ ಅಲ್ಲ. ಕೆಲವರನ್ನು ನೀಲಗಿರಿಯ ಟೀ ತೋಟಗಳಿಗೆ, ಕೆಲವರನ್ನು ಕೇರಳದ ರಬ್ಬರಿಗೆ ಕಳಿಸಿದರು. ಕೆಲವರು ಕರ್ನಾಟಕಕ್ಕೆ, ಅರಣ್ಯ ಅಭಿವೃದ್ಧಿ ನಿಗಮದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಬಂದರು. ಟೀ ಚಿಗುರು ಕೊಯ್ದು ಅಭ್ಯಾಸವಾದ ಕೈಗೆ ಟ್ಯಾಪಿಂಗ್ ಕತ್ತಿ, ಅಂದರೆ ರಬ್ಬರ್ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕತ್ತಿ, ಬಂತು. ಸುತ್ತ ತುಳು, ಅರೆಭಾಷೆ, ಕನ್ನಡ, ಮಲಯಾಳ. ತಾಯ್ನಾಡಿನಲ್ಲಿ ತಾಯ್ನುಡಿ ಇರಲಿಲ್ಲ.

ಟ್ಯಾಪಿಂಗ್ ನೋಡಿದವರಿಗೆ ಗೊತ್ತು. ಬಿಸಿಲು ಏರುವ ಮೊದಲೇ ಹೊರಡಬೇಕು, ತಣ್ಣಗಿದ್ದಾಗಲೇ ಹಾಲು ಚೆನ್ನಾಗಿ ಇಳಿಯುವುದು. ತೊಗಟೆಯನ್ನು ಕೂದಲೆಳೆಯಷ್ಟು ಕೆತ್ತಬೇಕು, ಆಳವಾದರೆ ಮರಕ್ಕೆ ಗಾಯ. ಮತ್ತೆ ಸುತ್ತು ಬಂದು ಹಾಲು ಕೂಡಿಸಿ ತಲೆ ಮೇಲೆ ಹೊತ್ತು ತರಬೇಕು. ನನ್ನ ಶಾಲೆಗೆ ಬರುತ್ತಿದ್ದ ಮಕ್ಕಳು ತಾಯಿಗೆ ಬೆಳಗ್ಗೆ ಸಹಾಯ ಮಾಡಿ, ಕೈಗೆ ಅಂಟಿದ ರಬ್ಬರ್ ಹಾಲನ್ನು ಬೆಂಚಿನ ಕೆಳಗೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಆ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ.

ಈಗ ಹೋಲಿಸೋಣ. ಟಿಬೆಟನ್ನರು ಕಾನೂನಿನ ಕಣ್ಣಿನಲ್ಲಿ ವಿದೇಶೀಯರು. ಕೈಯಲ್ಲಿ ನೋಂದಣಿ ಪುಸ್ತಕ, ಅವರ ಬಾಯಲ್ಲಿ ಆರ್‌ಸಿ; ಕಾಲಕಾಲಕ್ಕೆ ನವೀಕರಿಸಬೇಕು. ಉಳುವ ನೆಲ ಗುತ್ತಿಗೆಯದು. ಸಿಲೋನ್ ತಮಿಳರು ಹಡಗು ಇಳಿಯುವ ಹೊತ್ತಿಗೇ ಭಾರತದ ಪೌರರು. ವೋಟು ಇದೆ, ರೇಷನ್ ಕಾರ್ಡು ಇದೆ. ಕಾಗದ ನೋಡಿದರೆ ಯಾರು ಮುಂದಿರಬೇಕು ಹೇಳಿ. ಆದರೆ 50 ವರ್ಷ ಕಳೆದ ಮೇಲೆ ಒಬ್ಬರ ಹೊಲಕ್ಕೆ ನಮ್ಮ ಜನ ಕೂಲಿಗೆ ಹೋಗುತ್ತಾರೆ, ಇನ್ನೊಬ್ಬರ ಮಕ್ಕಳು ಈಗಲೂ ತೋಟದ ಕೂಲಿಯನ್ನೇ ಕಾಯುತ್ತಾರೆ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಟಿಬೆಟನ್ನರಿಗೆ ಕೊಟ್ಟದ್ದು ನೆಲ, ಸಿಲೋನ್ ತಮಿಳರಿಗೆ ಕೊಟ್ಟದ್ದು ಕೆಲಸ. ಕೆಲಸದ ಜೊತೆಗೆ ಮನೆ, ಆದರೆ ಆ ಮನೆ ಕೆಲಸಕ್ಕೆ ಕಟ್ಟಿದ್ದು. ನಿವೃತ್ತಿಯಾದರೆ ಎಲ್ಲಿಗೆ ಹೋಗಬೇಕು ಎಂಬ ಭಯದಲ್ಲೇ ಒಂದು ತಲೆಮಾರು ಮುದಿಯಾಯಿತು. ಗುತ್ತಿಗೆಯ ಎಕರೆಯಲ್ಲಿ ಜೋಳ ಬೆಳೆದವನು ಬೇಸಾಯ ಮುಗಿದ ಮೇಲೆ ಲುಧಿಯಾನದಿಂದ ಸ್ವೆಟರ್ ಸಾಲಕ್ಕೆ ತಂದು ಊರೂರಲ್ಲಿ ಮಾರಿ ಎರಡನೇ ಆದಾಯ ಮಾಡಿಕೊಂಡ. ಟ್ಯಾಪಿಂಗ್ ಮಾಡುವವನು ಎದ್ದು ಹೋಗುವ ಹಾಗಿಲ್ಲ. ಮೇಲಿಂದ ರಬ್ಬರ್ ಧಾರಣೆ. 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದು 2016ರ ಆರಂಭಕ್ಕೆ 100ರ ಕೆಳಗೆ ಬಿತ್ತು. ಕಾಫಿ ಧಾರಣೆ ಬಿದ್ದಾಗ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ನಮ್ಮ ಲೈನುಗಳಲ್ಲಿ ಏನಾಗುತ್ತದೆ ಅಂತಲೂ ನೆನಪಿಸಿಕೊಳ್ಳಿ.

ಜಾತಿಯ ಮಾತು ಬಿಟ್ಟರೆ ಈ ಹೋಲಿಕೆ ಸುಳ್ಳಾಗುತ್ತದೆ. ಸಿಲೋನಿಗೆ ಹೋದವರಲ್ಲಿ ದೊಡ್ಡ ಪಾಲು ದಲಿತರು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ, ಆ ರಾಜ್ಯದ ಮೂಲ ನಿವಾಸಿಗಳಿಗೆ ಅಂಟಿಕೊಂಡದ್ದು. ತಾತ ತಮಿಳುನಾಡು, ಅಪ್ಪ ಸಿಲೋನು, ಮಗ ಸುಳ್ಯ. ಆ ಮಗ ಜಾತಿ ಪ್ರಮಾಣಪತ್ರ ಕೇಳಿದರೆ ಯಾವ ಊರಿನವನೆಂದು ಕೊಡಬೇಕು? ನನ್ನ ಬಳಿ ಏಳನೆಯವರೆಗೆ ಓದಿದ ಒಬ್ಬ ಜಾಣ ಹುಡುಗ ಈ ಒಂದು ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಕೊನೆಗೆ ಓದು ಬಿಟ್ಟ. ನಾನೂ ಅವನ ಜೊತೆ ಎರಡು ಸಲ ಹೋಗಿದ್ದೆ. ಏನೂ ಆಗಲಿಲ್ಲ. ಅವಮಾನ ಮಾಡುವವರು ಜಾತಿಯ ಪುರಾವೆ ಕೇಳುವುದಿಲ್ಲ, ಸೌಲಭ್ಯ ಕೊಡುವವರು ಮಾತ್ರ ಕೇಳುತ್ತಾರೆ.

ಭಾಷೆಯಲ್ಲೂ ಹೀಗೆಯೇ. ಟಿಬೆಟನ್ ಮಗು ಕೆಳ ತರಗತಿಗಳನ್ನು ತನ್ನ ಭಾಷೆಯಲ್ಲೇ ಓದುತ್ತದೆ. ರಬ್ಬರ್ ತೋಟದ ಮಗು ಮನೆಯಲ್ಲಿ ತಮಿಳು ಆಡಿ ನನ್ನಲ್ಲಿ ಕನ್ನಡ ಕಲಿಯಿತು, ಚೆನ್ನಾಗಿಯೇ ಕಲಿಯಿತು. ಆ ಮಕ್ಕಳು ಸುಳ್ಯದವರಾದರು, ತುಳುವಿನಲ್ಲಿ ಜಗಳವಾಡುತ್ತಾರೆ, ಇಲ್ಲೇ ಮದುವೆಯಾಗುತ್ತಾರೆ. ಬೇರೂರುವ ವಿಷಯದಲ್ಲಿ ಅವರೇ ಮುಂದೆ. ಬೈಲಕುಪ್ಪೆಯಲ್ಲಿ ಈಗ ಯುವಕರು ಕಡಿಮೆ. ಅಮೆರಿಕ 1990ರಲ್ಲಿ ಟಿಬೆಟನ್ನರಿಗೆಂದು 1,000 ವೀಸಾ ಕೊಟ್ಟಿತು. ಆಗ ತೆರೆದ ಬಾಗಿಲು ಮತ್ತೆ ಪೂರ್ತಿ ಮುಚ್ಚಲಿಲ್ಲ, ಕೆನಡಾ, ಯುರೋಪಿನ ಕಡೆಗೂ ಜನ ಹೊರಟರು. 1950ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಪೌರರು, 2014ರಲ್ಲಿ ಚುನಾವಣಾ ಆಯೋಗ ಅಂಥ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಆದರೂ ಹೆಚ್ಚಿನವರು ಮುಂದೆ ಬರಲಿಲ್ಲ. ಪೌರರಾದರೆ ಟಿಬೆಟ್ ಬಿಟ್ಟುಕೊಟ್ಟ ಹಾಗೆ ಎಂಬ ಸಂಕಟ ಅವರದು. ನನ್ನ ಪರಿಚಯದ ಒಬ್ಬ ಅಜ್ಜಿ ಮೂರು ಕೋಣೆಯ ಒಳ್ಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಸಂಜೆ ಮಾಲೆ ಎಣಿಸುತ್ತಾ ಗೇಟಿನ ಹತ್ತಿರ ಕೂತಿರುತ್ತಾರೆ. "ಮಕ್ಕಳು ಫೋನಿನಲ್ಲಿ ಮಾತ್ರ ಇದ್ದಾರೆ ಮಾಸ್ಟ್ರೇ" ಅಂದರು ಒಮ್ಮೆ, ಕನ್ನಡದಲ್ಲೇ.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಮಾತು ಗಂಟಲಿನಲ್ಲಿ ಇದೆ ಅಂತ ನನಗೆ ಗೊತ್ತು. ಹೊರಗಿನವರಿಗೆ 3,000 ಎಕರೆ ಕೊಟ್ಟರು, ನಮ್ಮ ಆದಿವಾಸಿಗಳಾದ ಎರವರಿಗೆ, ಜೇನುಕುರುಬರಿಗೆ ಏನು ಕೊಟ್ಟರು ಅಂತ. ಈ ಪ್ರಶ್ನೆ ನ್ಯಾಯವಾದದ್ದು. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಎಷ್ಟು ಜನ ಬಯಲಲ್ಲಿ ನಿಂತಿದ್ದರು, ನೋಡಿದ್ದೇವೆ. ಆದರೆ ಆ ಪ್ರಶ್ನೆಯನ್ನು ಬೈಲಕುಪ್ಪೆಯ ಕಡೆ ತಿರುಗಿ ಕೇಳುವುದು ತಪ್ಪು. ಬೈಲಕುಪ್ಪೆ ತೋರಿಸಿಕೊಡುವುದು ಇಷ್ಟು: ಸರ್ಕಾರ ಮನಸ್ಸು ಮಾಡಿ ನೆಲ, ಶಾಲೆ, ಸಂಘ, ನೆರವು ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಒಂದೇ ತಲೆಮಾರಿನಲ್ಲಿ ಜನ ಎದ್ದು ನಿಲ್ಲುತ್ತಾರೆ. ಎರವರಿಗೂ ಸಿಲೋನ್ ತಮಿಳರಿಗೂ ಅದನ್ನು ಒಟ್ಟಿಗೆ ಕೊಡಲಿಲ್ಲ. ಪೈಸಾರಿ ಅನ್ನುವ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ಹಕ್ಕುಪತ್ರಕ್ಕೆ ಕಾಯುವವರು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ದಾಖಲೆ ಹಿಡಿದು ಅಲೆದವರು ಈ ಸಭೆಯಲ್ಲೂ ಇದ್ದೀರಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಮ್ಮವರೇ ಕೈಯಲ್ಲಿ ಒಂದು ಚೀಲ ಹಿಡಿದು ಪರಿಹಾರ ಕೇಂದ್ರಕ್ಕೆ ಬಂದರು. ಜಂಬೂರಿನಲ್ಲಿ, ಕರ್ಣಂಗೇರಿಯಲ್ಲಿ, ಮದೆನಾಡಿನಲ್ಲಿ ಮನೆ ಸಿಕ್ಕಿತು. ಮನೆಯ ಹಿಂದೆ ಇದ್ದ ತೋಟ ಸಿಗಲಿಲ್ಲ. ಮನೆ ಸಿಕ್ಕವನಿಗೆ ಬದುಕು ಸಿಕ್ಕಿತೇ ಎಂದು ಅವರನ್ನೇ ಕೇಳಿ, ನಾನು ಸುಳ್ಯದ ಬಗ್ಗೆ ಹೇಳಿದ್ದು ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ಕೊನೆಗೆ ಒಂದು ಸಂಗತಿ. ನಿವೃತ್ತಿಯಾಗುವ ವರ್ಷ ಒಬ್ಬ ಹುಡುಗಿ ನಮ್ಮ ಶಾಲೆಗೆ ಸೇರಿದಳು. ಅಪ್ಪ ಅಮ್ಮ ಅಸ್ಸಾಮಿನಿಂದ ಬಂದು ಹತ್ತಿರದ ಕಾಫಿ ತೋಟದಲ್ಲಿ ಕೆಲಸಕ್ಕೆ ಇದ್ದರು. ಲೈನ್ ಮನೆ, ಮೇಸ್ತ್ರಿ ಕೊಟ್ಟ ಮುಂಗಡ. ಆರು ತಿಂಗಳಲ್ಲಿ ಅವಳು ಕನ್ನಡ ಓದಲು ಕಲಿತಳು, ಕಾಫಿ ಕುಯ್ಲು ಮುಗಿದ ವಾರ ಬಂದಿದ್ದ ಹಾಗೆಯೇ ಹೊರಟು ಹೋದಳು. ಅವಳ ಟಿಸಿ ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಬರೆದು, ಸೀಲು ಹಾಕಿ ಬೀರುವಿನಲ್ಲಿ ಇಟ್ಟು ಬಂದೆ.

ಪ್ರಶ್ನೆಗಳಿದ್ದರೆ ಕೇಳಿ. ಇನ್ನೂ ಅರ್ಧ ಗಂಟೆ ಇದೆ.