ಎಸ್ತೇರಳ ಸುರುಳಿ, ಹಾಮಾನನ ಗದ್ದಲ, ಗಸಗಸೆ ತ್ರಿಕೋನ

ಗಿಲಕಿ ಹಿಡಿದು ಕೂತಿರೋ ಈ ಮಕ್ಕಳು ಕಾಯ್ತಿರೋದು ಒಂದೇ ಒಂದು ಹೆಸರಿಗೆ, ಹಾಮಾನ. ಪರ್ಷಿಯಾದ ದೊರೆ ಅಹಷ್ವೇರೋಷನ ಮಂತ್ರಿ. ಯೆಹೂದ್ಯರನ್ನೆಲ್ಲ ಒಂದೇ ದಿನ ಮುಗಿಸೋಕೆ ಚೀಟಿ ಎತ್ತಿ ದಿನ ಗೊತ್ತು ಮಾಡಿದವನು. ಆ ಚೀಟಿನೇ 'ಪೂರ್', ಅದರಿಂದಲೇ ಈ ಯೆಹೂದಿ ಹಬ್ಬದ ಹೆಸರು ಪೂರಿಮ್. ಕರೆಯದೆ ರಾಜನ ಮುಂದೆ ನಿಂತರೆ ತಲೆ ಹೋಗುತ್ತೆ ಅಂತ ಗೊತ್ತಿದ್ದೂ ನಿಂತು, ತನ್ನವರನ್ನ ಉಳಿಸಿದವಳು ರಾಣಿ ಎಸ್ತೇರ್.

ಹಬ್ಬ ಯೆಹೂದಿ ಪಂಚಾಂಗದ ಅದಾರ್ ತಿಂಗಳ 14ಕ್ಕೆ, ಜೆರುಸಲೇಮಲ್ಲಿ 15ಕ್ಕೆ. ಅಧಿಕಮಾಸ ಬಂದ ವರ್ಷ ಎರಡನೇ ಅದಾರ್‌ನಲ್ಲಿ, ನಾವು ನಿಜಮಾಸಕ್ಕೆ ಕಾಯೋ ಹಾಗೇ.

ಇದು ಮೆಗಿಲ್ಲಾ, ಎಸ್ತೇರಳ ಕಥೆಯನ್ನ ಚರ್ಮದ ಮೇಲೆ ಕೈಯಲ್ಲೇ ಬರೆದ ಸುರುಳಿ. ಓದೋಕೆ ಮುಂಚೆ ಪೂರ್ತಿ ಬಿಚ್ಚಿ ಪತ್ರದ ಥರ ಮಡಿಸಿಡ್ತಾರೆ. 10 ಅಧ್ಯಾಯ, ರಾತ್ರಿ ಒಂದ್ಸಲ, ಹಗಲು ಒಂದ್ಸಲ. ಶುರುವಲ್ಲೇ 'ಹೋದು' ಅಂತ ನಮ್ಮ ದೇಶದ ಹೆಸರು ಬರುತ್ತೆ. ದೇವರ ಹೆಸರು ಮಾತ್ರ ಪುಸ್ತಕದಲ್ಲಿ ಎಲ್ಲೂ ಇಲ್ಲ!

ಎಡವಟ್ಟಾಗೋದು ಗದ್ದಲದಲ್ಲೇ. ಹಾಮಾನನ ಹೆಸರು 54 ಸಲ ಬರುತ್ತೆ, ಪ್ರತಿ ಸಲ ಅದನ್ನ ಮುಳುಗಿಸೋಕೆ ಗಿಲಕಿ. ಆದರೆ ಒಂದು ಪದವೂ ಕಿವಿ ತಪ್ಪಬಾರದು ಅನ್ನೋದು ನಿಯಮ. ಅದಕ್ಕೇ ಪಳಗಿದ ಓದುಗ ಹೆಸರು ಹೇಳಿ ನಿಲ್ಲಿಸ್ತಾನೆ, ಸದ್ದು ಪೂರ್ತಿ ಅಡಗಿದ ಮೇಲೇ ಮುಂದಿನ ಪದ. ಒಂದು ಪದ ತಪ್ಪಿದರೆ ಕೈಲಿರೋ ಅಚ್ಚು ಪ್ರತಿ ನೋಡಿ ತಕ್ಷಣ ನೀವೇ ಹೇಳ್ಕೊಂಡು ಓದುಗನ ಜೊತೆ ಸೇರ್ಕೋಬೇಕು. ಹಾಮಾನನ ಹತ್ತು ಮಕ್ಕಳ ಹೆಸರು ಒಂದೇ ಉಸಿರಲ್ಲಿ. ಹಿಂದಿನ 'ಐನೂರು ಜನ' ಅನ್ನೋ ಮಾತಿಗೆ ಮುಂಚೆನೇ ಉಸಿರು ತುಂಬಿಕೊಳ್ಳಿ.

ಈಗ ಅಡುಗೆಮನೆ, ಹಾಮನ್‌ತಾಶೆನ್ ಅನ್ನೋ ಹೂರಣದ ತ್ರಿಕೋನ ಬಿಸ್ಕತ್ತು. 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 80 ಗ್ರಾಂ ಸಕ್ಕರೆ, ಒಂದು ಮೊಟ್ಟೆ. ಯೆಹೂದಿ ಆಹಾರ ನಿಯಮದಲ್ಲಿ ಮಾಂಸದ ಜೊತೆ ಹಾಲಿನದು ಸೇರಬಾರದು, ಹಾಗಾಗಿ ಹಬ್ಬದೂಟದಲ್ಲಿ ಮಾಂಸ ಇದ್ದರೆ ಬೆಣ್ಣೆ ಕೂಡದು, ಎಣ್ಣೆ ಹಾಕಿದ ಹಿಟ್ಟೇ ಬೇಕು. 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 8 ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ. ಮಧ್ಯೆ ಒಂದೇ ಚಮಚ ಗಸಗಸೆ ಹೂರಣ. ಹೂರಣ ನೀರಾಗಿದ್ದರೆ, ಜಾಸ್ತಿಯಾದರೆ, ಹಿಟ್ಟು ಬೆಚ್ಚಗಿದ್ದರೆ ಓವನ್‌ನಲ್ಲಿ ಬಾಯಿಬಿಟ್ಟು ಚಪ್ಪಟೆಯಾಗುತ್ತೆ. ಅಂಚಿಗೆ ಮೊಟ್ಟೆಯ ಬಿಳಿ ಸವರಿ, ಮೂರು ಮಡಿಕೆಯನ್ನ ಒಂದರ ಮೇಲೊಂದು ಬರೋ ಹಾಗೆ ಮಡಚಿ, ಮೂಲೆ ಗಟ್ಟಿಯಾಗಿ ಹಿಸುಕಿ. 15 ನಿಮಿಷ ಫ್ರೀಜರ್, ಆಮೇಲೆ 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಅಂಚು ಹೊಂಬಣ್ಣ ಬಂತು ಅಂದ್ರೆ ತೆಗೀರಿ, ಕಾಯಬೇಡಿ.

ಹಗಲಲ್ಲೇ ಬಡವರಿಬ್ಬರಿಗೆ ದಾನ, ಒಬ್ಬ ಸ್ನೇಹಿತರಿಗಾದರೂ ಎರಡು ಬಗೆ ತಿನಿಸು ತಲುಪಬೇಕು. ಡಬ್ಬಿ ತುಂಬ ತ್ರಿಕೋನ ಇಟ್ಟರೂ ಅದು ಒಂದೇ ಬಗೆ. ಪಕ್ಕದಲ್ಲೊಂದು ಕಿತ್ತಳೆ ಇಟ್ಟುಬಿಡಿ.