ಮಗಳ ಇಸಬು, ತೋಟದ ಮಣ್ಣು

ಅಲ್ಲಿ ಸಿಲ್ವರ್ ಓಕ್ ಬುಡದಲ್ಲಿ ತರಗೆಲೆ ಕೆದಕುತ್ತಾ ಕೂತಿದ್ದಾಳಲ್ಲ, ಅವಳು ನನ್ನ ಮಗಳು. ಐದು ವರ್ಷ. ನಾವಿರುವುದು ಸೋಮವಾರಪೇಟೆ ಹತ್ತಿರ, ಮನೆ ಸುತ್ತಲೂ ಕಾಫಿ ತೋಟ. ಆದರೂ ಹೋದ ವರ್ಷದ ತನಕ ಇವಳನ್ನು ಮಣ್ಣು ಮುಟ್ಟಲು ಬಿಟ್ಟಿರಲಿಲ್ಲ.

ಇವಳಿಗೆ ಇಸಬು. ಕೂಸಿದ್ದಾಗ ಕೆನ್ನೆ ಮೇಲೆ ಶುರುವಾಯಿತು, ಆಮೇಲೆ ಮೊಣಕೈ ಮಡಿಕೆಗೆ, ಮಂಡಿ ಹಿಂದಕ್ಕೆ ಬಂತು. ರಾತ್ರಿ ನಿದ್ದೆಯಲ್ಲೇ ಪರಪರ ಕೆರೆದುಕೊಳ್ಳುತ್ತಿದ್ದಳು, ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಸಾಸಿವೆಯಷ್ಟು ಚಿಕ್ಕ ರಕ್ತದ ಕಲೆಗಳು, ಉಗುರಿನ ಸಂದಿಯಲ್ಲಿ ಚರ್ಮದ ಹೊಟ್ಟು. ನನಗೆ ಹೆದರಿಕೆ. ಕೀಟಾಣು ಕೊಲ್ಲುವ ಸೋಪು ಹಾಕಿ ದಿನಕ್ಕೆ ಎರಡು ಸಲ ಉಜ್ಜಿ ಉಜ್ಜಿ ಸ್ನಾನ ಮಾಡಿಸಿದೆ. ಅತ್ತೆ ಮಾತ್ರ "ಬಿಡು ಮಗಳೇ, ಸ್ವಲ್ಪ ಹೊರಗೆ ಆಡಲಿ" ಅನ್ನುತ್ತಿದ್ದರು. ಚರ್ಮ ಇನ್ನೂ ಒಣಗಿತು.

ಚರ್ಮದ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಚರ್ಮ ಗಟ್ಟಿಯಾಗಿರಲು ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಬೇಕು. ಇಸಬು ಇರುವ ಎಷ್ಟೋ ಜನರಲ್ಲಿ ಅದರ ಜೀನ್‌ನಲ್ಲೇ ದೋಷ ಇರುತ್ತದೆ, 2006ರಲ್ಲಿ ಇದು ಗೊತ್ತಾಯಿತು. ಗೋಡೆ ಬಿರುಕು ಬಿಟ್ಟ ಹಾಗೆ. ಒಳಗಿನ ತೇವ ಹೊರಗೆ, ಹೊರಗಿನದೆಲ್ಲ ಒಳಗೆ. ಕೆಂಪಗೆ ಕೆರಳಿದ ಜಾಗದಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಜಾಸ್ತಿಯಾಗಿ, ಉಳಿದ ಒಳ್ಳೆಯ ಸೂಕ್ಷ್ಮಜೀವಿಗಳು ಕಡಿಮೆಯಾಗುತ್ತವೆ.

ಆಮೇಲೆ ನಾನು ಓದಿದ್ದರಲ್ಲಿ ಮನಸ್ಸಿಗೆ ನಾಟಿದ್ದು ಫಿನ್ಲೆಂಡ್‌ನ ಒಂದು ಪ್ರಯೋಗ, 2020ರಲ್ಲಿ ಪ್ರಕಟವಾಗಿದ್ದು. ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲವನ್ನೇ ತಂದು ಹಾಸಿ, 28 ದಿನ ಮಕ್ಕಳನ್ನು ಅದರಲ್ಲಿ ಆಡಲು ಬಿಟ್ಟರು. ಅಷ್ಟಕ್ಕೇ ಆ ಮಕ್ಕಳ ಚರ್ಮದ ಮೇಲೆ ಬಗೆಬಗೆಯ ಬ್ಯಾಕ್ಟೀರಿಯಾ ಹೆಚ್ಚಿದವು, ರಕ್ತದಲ್ಲೂ ರೋಗನಿರೋಧಕ ಶಕ್ತಿಯನ್ನು ಹದದಲ್ಲಿಡುವ ಲಕ್ಷಣ ಕಂಡಿತು. ಇಸಬು ವಾಸಿಯಾಗುತ್ತದಾ ಅಂತ ಅಲ್ಲಿ ನೋಡಿರಲಿಲ್ಲ, ಅದನ್ನೂ ಹೇಳಬೇಕು ಅಲ್ವಾ. ಅಮೆರಿಕದಲ್ಲಿ ಆರೋಗ್ಯವಂತರ ಚರ್ಮದಿಂದ ತೆಗೆದ ರೋಸಿಯೊಮೊನಾಸ್ ಮ್ಯೂಕೋಸಾ ಅನ್ನುವ ಬ್ಯಾಕ್ಟೀರಿಯಾವನ್ನು ಇಸಬಿನ ಮೇಲೆ ಸಿಂಪಡಿಸಿ ನೋಡಿದ್ದರು. 2018ರ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿತ್ತು, 2021ರ ದೊಡ್ಡದರಲ್ಲಿ ಅದು ಕೈಗೂಡಲಿಲ್ಲ. ಓದಿ ತುಂಬಾ ಬೇಜಾರಾಯಿತು.

ಹಾಗಾಗಿ ಮಣ್ಣೇ ಔಷಧಿ ಅಂತ ನಾನು ಹೇಳುವುದಿಲ್ಲ. ಡಾಕ್ಟರ್ ಕೊಟ್ಟ ಮುಲಾಮು, ಮಾಯಿಶ್ಚರೈಸರ್ ಒಂದು ದಿನವೂ ನಿಂತಿಲ್ಲ. ಚರ್ಮ ಒಡೆದು ನೀರು ಸುರಿಯುತ್ತಿದ್ದರೆ ಮಣ್ಣಿಗೆ ಬಿಡುವುದೇ ಇಲ್ಲ. ಮಳೆಗಾಲದಲ್ಲಿ ಕೆಸರುಗದ್ದೆ ಆಟಕ್ಕೆ ಊರೆಲ್ಲ ಇಳಿದಾಗ ಇವಳೂ ಅತ್ತು ಕರೆದಳು, ಆದರೆ ಮಂಡಿ ಹಿಂದೆ ಗಾಯ ಇತ್ತು, ಗದ್ದೆ ನೀರಿನಲ್ಲಿ ಇಲಿಜ್ವರದ ಭಯ. ಕಳಿಸಲಿಲ್ಲ. ತೋಟದಲ್ಲೂ ಅಷ್ಟೇ, ಮದ್ದು ಹೊಡೆದ ಕಡೆ ಕಾಲಿಡುವಂತಿಲ್ಲ.

ಈಗ ಕೊಯ್ಲು ನಡೆಯುತ್ತಿದೆ, ಚರ್ಮವೂ ಸ್ವಲ್ಪ ಸಮಾಧಾನವಾಗಿದೆ. ಯಾವುದರಿಂದ ಅಂತ ಹೇಳಲಾರೆ. ನೋಡಿ, ತರಗೆಲೆಯ ಕೆಳಗಿನ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ತಂದು ನನ್ನ ಮೂಗಿಗೆ ಹಿಡಿದಿದ್ದಾಳೆ. "ಅಮ್ಮಾ, ಮಳೆ ವಾಸನೆ!" ಆ ವಾಸನೆಯನ್ನು ಮಾಡುವುದೂ ಮಣ್ಣಿನ ಬ್ಯಾಕ್ಟೀರಿಯಾಗಳೇ. ಸಂಜೆ ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸುವುದು, ಚರ್ಮ ಇನ್ನೂ ಒದ್ದೆ ಇರುವಾಗಲೇ ಕ್ರೀಮು. ಎಡ ಮೊಣಕೈಗೆ ಈಗ ಅವಳೇ ಹಚ್ಚಿಕೊಳ್ಳುತ್ತಾಳೆ.